ಒಂದು ಸೆಮಿಸ್ಟರ್, ಒಂದು ಬೀದಿ: ಬೆಂಗಳೂರಿನ ಚರಿತ್ರೆಯನ್ನು ವಿದ್ಯಾರ್ಥಿಗಳು ಡಿಜಿಟಲ್ ಆಗಿ ದಾಖಲಿಸುವುದು ಹೇಗೆ

ಪದವಿ ತರಗತಿಯಲ್ಲಿ ಊರಿನ ಚರಿತ್ರೆಯ ಮೇಲೆ ಪ್ರಾಜೆಕ್ಟ್ ಮಾಡಿ ಅಂದ ಮೊದಲ ವಾರ ನನ್ನ ಮೇಜಿಗೆ ಬರುವ ವಿಷಯಪಟ್ಟಿ ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ: ಲಾಲ್‌ಬಾಗ್, ಟಿಪ್ಪು ಬೇಸಿಗೆ ಅರಮನೆ, ವಿಧಾನಸೌಧ, ಬೆಂಗಳೂರು ಅರಮನೆ. ತಪ್ಪೇನಿಲ್ಲ. ಆದರೆ ಇವುಗಳ ಬಗ್ಗೆ ಪುಸ್ತಕಗಳಿವೆ, ವಿಕಿಪೀಡಿಯ ಪುಟಗಳಿವೆ, ಲೆಕ್ಕವಿಲ್ಲದಷ್ಟು ಫೋಟೊಗಳಿವೆ. ನಾಲ್ಕು ತಿಂಗಳು ದುಡಿದರೂ ಅದಕ್ಕೆ ಹೊಸದೊಂದು ಸಾಲು ಸೇರಿಸುವುದು ಕಷ್ಟ. ಆದರೆ ಒಬ್ಬ ವಿದ್ಯಾರ್ಥಿನಿ ದಿನಾ ಬಸ್ ಹತ್ತುವ ಸ್ಟಾಪಿನ ಹಿಂದಿನ ಬೀದಿಯ ಬಗ್ಗೆ ಯಾರೂ ಏನೂ ಬರೆದಿರುವುದಿಲ್ಲ. ಅಲ್ಲಿ ಅವಳು ಬರೆದದ್ದೇ ಮೊದಲ ದಾಖಲೆ.

ಹಲವು ಬ್ಯಾಚುಗಳ ಜೊತೆ ಬೆಂಗಳೂರಿನ ಬೀದಿ ಸುತ್ತಿ ಕಲಿತದ್ದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಬೆಂಗಳೂರಿನವು. ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಓದುತ್ತಿರುವವರು ಹೆಸರು ಬದಲಿಸಿಕೊಂಡರೆ ಸಾಕು, ಕೆಲಸದ ಬಗೆ ಅದೇ.

ಜಾಗ ಆರಿಸುವುದು

ನಾಲ್ಕು ಜನರ ತಂಡಕ್ಕೆ ಒಂದು ಬೀದಿ ಸಾಕು. ಅಥವಾ ಒಂದು ಕೆರೆ, ಒಂದು ಸಂತೆ, ಒಂದು ವೀರಗಲ್ಲು. "ಬೆಂಗಳೂರಿನ ಕೆರೆಗಳು" ಅಂತ ಶುರು ಮಾಡಿದ ತಂಡ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇಂಟರ್‌ನೆಟ್ಟಿನಿಂದ ಎತ್ತಿದ ಹತ್ತು ಪುಟ ಒಪ್ಪಿಸುತ್ತದೆ. "ಧರ್ಮಾಂಬುಧಿ ಕೆರೆ ಮತ್ತು ಟ್ಯಾಂಕ್ ಬಂಡ್ ರಸ್ತೆ" ಅಂತ ಶುರು ಮಾಡಿದ ತಂಡಕ್ಕೆ ಕಾಲಿಡಲು ನೆಲ ಇರುತ್ತದೆ.

ಜಾಗ ಹುಡುಕಲು ಹೆಸರಿಗಿಂತ ಒಳ್ಳೆಯ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು; ಪೇಟೆಯ ಜನ ಅದರ ನೀರು ಕುಡಿಯುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬರತೊಡಗಿದ ಮೇಲೆ ಕೆರೆಯ ಮೇಲಿನ ಅಕ್ಕರೆ ಇಳಿಯಿತು. ಕೆರೆ ಹೋಯಿತು, ಏರಿ ಹೋಯಿತು, ಆದರೆ ಪಕ್ಕದ ರಸ್ತೆಯ ಬೋರ್ಡಿನಲ್ಲಿ 'ಟ್ಯಾಂಕ್ ಬಂಡ್' ಅನ್ನುವ ಮಾತು ಉಳಿದುಕೊಂಡಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು; ಅದರ ಪಕ್ಕದಲ್ಲೇ ಉಳಿದ ಪುಟ್ಟ ಹೊಂಡದ ಬಳಿ ಕರಗದ ವಿಧಿ ಈಗಲೂ ನಡೆಯುತ್ತದೆ. 1921ರಲ್ಲಿ ಎದ್ದ ಕೆ.ಆರ್. ಮಾರುಕಟ್ಟೆಯ ಅಡಿಯಲ್ಲಿ ಸಿದ್ದಿಕಟ್ಟೆ ಇತ್ತು. ಬಸವನಗುಡಿಯಲ್ಲಿ ಕಾರಂಜಿ ಕೆರೆ ಇಲ್ಲ, ಕಾರಂಜಿ ಆಂಜನೇಯ ಇದ್ದಾನೆ.

ಪೇಟೆಯ ಒಳಗೆ ಹೋದರಂತೂ ಒಂದೊಂದು ಹೆಸರೂ ಒಂದು ಕಸುಬು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ, ತಿಗಳರಪೇಟೆ, ಉಪ್ಪಾರಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿದರೆನ್ನುವ ಈ ಪೇಟೆಯಲ್ಲಿ ಯಾವ ಕಸುಬು ಹೆಸರಿನ ಜೊತೆಗೇ ಉಳಿದಿದೆ, ಯಾವುದು ಬರೀ ಹೆಸರಾಗಿ ಉಳಿದಿದೆ ಅನ್ನುವುದೇ ಒಂದು ಸೆಮಿಸ್ಟರಿಗೆ ಸಾಕಾಗುವ ಪ್ರಶ್ನೆ. ಬಳೇಪೇಟೆಯಲ್ಲಿ ಇಂದು ತಬಲ, ಹಾರ್ಮೋನಿಯಂ, ವೀಣೆ ಮಾರುವ ಅಂಗಡಿಗಳು ಸಾಲಾಗಿವೆ. ಬಳೆಯ ಬೀದಿಗೆ ವಾದ್ಯ ಯಾವಾಗ ಬಂತು, ಯಾರು ತಂದರು? ಇಂಥ ಒಂದು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ತಂಡದ ನಾಲ್ವರೂ ಒಪ್ಪಿದ ಮೇಲೆ ಮುಂದಿನ ಹೆಜ್ಜೆ ಇಡಿ.

ಹೊರಡುವ ಮುಂಚೆ ಓದಬೇಕಾದ್ದು

ಮೊದಲ ಮೂರು ವಾರ ಕ್ಯಾಮೆರಾ ಹೊರತೆಗೆಯಬೇಡಿ. ಓದದೆ ಹೋದವರಿಗೆ ಬೀದಿಯಲ್ಲಿ ಕಾಣುವುದು ಅಂಗಡಿ ಮಾತ್ರ.

ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 9ನೇ ಸಂಪುಟದಿಂದ ಶುರು ಮಾಡಿ. 1905ರಲ್ಲಿ ಬಂದ ಇದು ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ. ಇಂಟರ್‌ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಗ್ರಂಥಾಲಯದಲ್ಲಿ ಅದರ ಸ್ಕ್ಯಾನ್ ಪ್ರತಿ ಉಚಿತವಾಗಿ ಸಿಗುತ್ತದೆ. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಕಲ್ಲು ಎಲ್ಲಿ ನಿಂತಿತ್ತು ಎಂದು ಒಂದು ಸಾಲು ಬರೆದಿದ್ದಾರೆ. ಆ ಒಂದು ಸಾಲಿನ ಬೆಲೆ ನಮ್ಮ ಕೆಲಸಕ್ಕೆ ಬಹಳ ದೊಡ್ಡದು. ನೂರಿಪ್ಪತ್ತು ವರ್ಷದ ಹಿಂದೆ ಹೊಲದಲ್ಲಿ ನಿಂತಿದ್ದ ಕಲ್ಲು ಈಗ ಅಪಾರ್ಟ್‌ಮೆಂಟಿನ ಗೋಡೆಯೊಳಗಿದೆಯೋ, ಗುಡಿಯ ಮೆಟ್ಟಿಲಾಗಿದೆಯೋ, ಕಾಣದೇ ಹೋಗಿದೆಯೋ ಎಂದು ನೋಡಿಬರುವುದೇ ಒಂದು ಪೂರ್ತಿ ಪ್ರಾಜೆಕ್ಟ್.

ಬೆಂಗಳೂರಿಗೆ ಸಂಬಂಧಪಟ್ಟ ಎರಡು ಶಾಸನಗಳನ್ನಾದರೂ ಎಲ್ಲ ತಂಡಗಳಿಗೂ ಓದಿಸುತ್ತೇನೆ. ಬೇಗೂರಿನ ದೇವಸ್ಥಾನದ ಆವರಣದಲ್ಲಿರುವ, ಸುಮಾರು 890ರ ವೀರಗಲ್ಲು 'ಬೆಂಗಳೂರು' ಅನ್ನುವ ಹೆಸರಿನ ಕಾಳಗವೊಂದನ್ನು ನೆನೆಯುತ್ತದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂದಾಯಿತು ಅನ್ನುವ ಕತೆಗಿಂತ ಈ ಕಲ್ಲು ಬಹಳ ಹಳೆಯದು. ಇನ್ನೊಂದು ಅಗರದ್ದು, ಕೆರೆಗಳ ತೂಬು ದುರಸ್ತಿ ಮಾಡಿಸಿ ಹೊಸ ಕೆರೆ ಕಟ್ಟಿಸಿದ ಸಂಗತಿಯನ್ನು ಗಂಗರ ಕಾಲದಲ್ಲೇ ಕಲ್ಲಿನಲ್ಲಿ ಬರೆಸಿಟ್ಟಿದ್ದಾರೆ. ದೊಮ್ಮಲೂರಿನ ಚೊಕ್ಕನಾಥ ದೇವಸ್ಥಾನಕ್ಕೆ ಹೋಗುವವರು ಅಲ್ಲಿನ ಹಲವು ಶಾಸನಗಳು ತಮಿಳಿನಲ್ಲಿವೆ ಎಂದು ಮೊದಲೇ ತಿಳಿದಿರಬೇಕು. ಊರನ್ನು ತೊಂಬಲೂರು, ದೇಶಿಮಾಣಿಕ್ಕಪಟ್ಟಣ ಎಂದು ಕರೆದಿರುವುದು ಅವುಗಳಲ್ಲೇ. ಒಮ್ಮೆ ನಮ್ಮ ತಂಡದಲ್ಲಿ ಮನೆಮಾತು ತಮಿಳಾಗಿದ್ದ ಹುಡುಗಿ ಇದ್ದಳು. ತರಗತಿಯಲ್ಲಿ ತುಟಿ ಬಿಚ್ಚದವಳು ಆ ಗೋಡೆಯ ಮುಂದೆ ಕೂತು ಒಂದೊಂದೇ ಅಕ್ಷರ ಗುರುತಿಸಿ ಎಲ್ಲರಿಗೂ ಪಾಠ ಮಾಡಿದಳು. ಈ ಊರು ಮೊದಲಿನಿಂದಲೂ ಹಲವು ನುಡಿಗಳದ್ದು ಎಂದು ನಾನು ಬೇರೆ ಹೇಳಬೇಕಾಗಲಿಲ್ಲ.

ಶಾಸನಗಳ ನಂತರ ಕಾಗದ. ರಾಜ್ಯ ಪತ್ರಾಗಾರ, ಚರಿತ್ರೆಯ ಅಧ್ಯಯನಕ್ಕೆಂದು 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿಯ ಗ್ರಂಥಾಲಯ, ಜಿಲ್ಲೆಗಳ ವಿವರ ಕೊಡುವ ಹಳೇ ಸರ್ಕಾರಿ ಗೆಜೆಟಿಯರ್‌ಗಳು. ಪತ್ರಾಗಾರಕ್ಕೆ ಹೋಗುವಾಗ ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ, ಮತ್ತು ಏನು ಬೇಕು ಎಂದು ಮೊದಲೇ ಬರೆದುಕೊಂಡು ಹೋಗಿ. "ಬೆಂಗಳೂರಿನ ಬಗ್ಗೆ ಏನಾದರೂ ಇದೆಯಾ ಸಾರ್" ಎಂದರೆ ಪಾಪ, ಅಲ್ಲಿನವರು ಏನು ತೆಗೆದುಕೊಟ್ಟಾರು? "1898ರ ಪ್ಲೇಗಿನ ಕಾಲದ ಪುರಸಭೆಯ ಕಡತ" ಎಂದರೆ ಮಾತು ಮುಂದುವರಿಯುತ್ತದೆ. ಪೇಟೆಯ ಇಕ್ಕಟ್ಟಿನಿಂದ ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳತ್ತ ಹೊರಟಿದ್ದು ಆ ಪ್ಲೇಗಿನ ಭಯದಲ್ಲಿ. ನಿಮ್ಮ ಬೀದಿ ಪೇಟೆಯಲ್ಲಿದ್ದರೆ ಆ ವರ್ಷವನ್ನು ಬಿಡುವ ಹಾಗಿಲ್ಲ.

ನಗರ ನುಂಗಿಕೊಂಡ ಹಳ್ಳಿಗಳಲ್ಲಿ ಕೆಲಸ ಮಾಡುವವರಿಗೆ ಸರ್ಕಾರದ 'ದಿಶಾಂಕ್' ಆ್ಯಪ್ ಬಲುದೊಡ್ಡ ನೆರವು. ನಿಂತ ಜಾಗದ ಸರ್ವೆ ನಂಬರ್, ಕಂದಾಯ ಗ್ರಾಮದ ಹೆಸರು, ಕೆರೆ, ರಾಜಕಾಲುವೆ ಎಲ್ಲ ಫೋನಿನಲ್ಲೇ ಕಾಣುತ್ತವೆ. ಭೂದಾಖಲೆಗಳ ಇಲಾಖೆ ಹಳೇ ಗ್ರಾಮ ನಕ್ಷೆಗಳನ್ನೂ ತನ್ನ ಜಾಲತಾಣದಲ್ಲಿ ಇಟ್ಟಿದೆ. ಆ ನಕ್ಷೆಯಲ್ಲಿ ಗುಂಡುತೋಪು, ಬಂಡಿದಾರಿ, ಕಟ್ಟೆ ನೋಡಿಕೊಂಡು ಅದೇ ಜಾಗಕ್ಕೆ ಹೋಗಿ ನಿಂತರೆ ಎದುರಿಗಿರುವ ಪೆಟ್ರೋಲ್ ಬಂಕು ಬೇರೆಯದೇ ರೀತಿ ಕಾಣುತ್ತದೆ.

ಕಲ್ಲಿನ ಮುಂದೆ

ನಾಲ್ಕನೇ ವಾರ ಬೀದಿಗೆ ಇಳಿಯಿರಿ. ಮೊದಲ ಸಲ ಹೋದಾಗ ಬರೀ ನಡೆಯಿರಿ, ಎರಡು ಸಲ ನಡೆಯಿರಿ. ಬೆಳಿಗ್ಗೆ ಏಳಕ್ಕೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ. ತರಗುಪೇಟೆಯಲ್ಲಿ ಮೂಟೆ ಇಳಿಸುವ ಹೊತ್ತಿನ ಬೀದಿ ಬೇರೆ, ಷಟರ್ ಎಳೆದ ಮೇಲಿನ ಬೀದಿ ಬೇರೆ. ಷಟರ್ ಎಳೆದ ಮೇಲೆ ಮಾತ್ರ ಮೇಲಂತಸ್ತಿನ ಹಳೇ ಮರದ ಕಿಟಕಿ, ಗಾರೆಯಲ್ಲಿ ಬರೆದ ಇಸವಿ, ಕಟ್ಟಿಸಿದವರ ಹೆಸರು ಕಣ್ಣಿಗೆ ಬೀಳುತ್ತವೆ.

ಶಾಸನದ ಕಲ್ಲು ಸಿಕ್ಕಿದರೆ ಅವಸರ ಬೇಡ. ಮೊದಲು ಅದು ಯಾರ ಸುಪರ್ದಿನಲ್ಲಿದೆ ಎಂದು ಕೇಳಿ: ಗುಡಿಯ ಅರ್ಚಕರು, ಮನೆಯ ಯಜಮಾನರು, ಊರಿನ ಹಿರಿಯರು. ಎಷ್ಟೋ ಕಡೆ ವೀರಗಲ್ಲಿಗೆ ಪೂಜೆ ಇರುತ್ತದೆ. ಅರಿಸಿನ ಕುಂಕುಮ, ಎಣ್ಣೆ ಮೆತ್ತಿರುತ್ತದೆ. ಅದನ್ನು ಕೆರೆದು ತೆಗೆಯುವ ಹಕ್ಕು ನಮಗಿಲ್ಲ. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ಬಳಿಯುವುದು, ಬಣ್ಣ ತುಂಬುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು, ಆ್ಯಸಿಡ್ ಹಾಕುವುದು ಬೇಡವೇ ಬೇಡ. ಒಪ್ಪಿಗೆ ಸಿಕ್ಕಿದರೆ ಬರೀ ನೀರು, ಮೆತ್ತನೆಯ ಬ್ರಷ್ಷು. ಅಷ್ಟೇ.

ಅಕ್ಷರವನ್ನು ಎಬ್ಬಿಸುವುದು ಬೆಳಕು. ನೇರ ಬಿಸಿಲಿನಲ್ಲಿ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ, ಫೋಟೊದಲ್ಲಿ ಏನೂ ಓದಲು ಬರುವುದಿಲ್ಲ. ಕತ್ತಲಾದ ಮೇಲೆ ಹೋಗಿ, ಒಬ್ಬರು ಟಾರ್ಚನ್ನು ಕಲ್ಲಿನ ಅಂಚಿಗೆ ಹೆಚ್ಚುಕಡಿಮೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ. ಕೆತ್ತಿದ ಗೀರುಗಳಲ್ಲಿ ನೆರಳು ತುಂಬಿ, ಹಗಲಿನಲ್ಲಿ ಇಲ್ಲವೇ ಇಲ್ಲ ಅನಿಸಿದ ಸಾಲುಗಳು ಒಂದೊಂದಾಗಿ ಏಳುತ್ತವೆ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ನಾಲ್ಕು ಬೆಳಕಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಎಡದ ಬೆಳಕಿನಲ್ಲಿ ಮರೆಯಾದ ಅಕ್ಷರ ಬಲದ ಬೆಳಕಿನಲ್ಲಿ ಸಿಗುತ್ತದೆ. ಮೊದಲ ಸಲ ಇದನ್ನು ನೋಡಿದ ಹುಡುಗರು ಕಲ್ಲಿನ ಮುಂದೆಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಒಂಬತ್ತು ಗಂಟೆಗೆ ಅರ್ಚಕರು ಬಂದು ಬಾಗಿಲು ಹಾಕಬೇಕು ಎನ್ನುವವರೆಗೂ ಯಾರೂ ಏಳಲಿಲ್ಲ.

ಮೂರು ಆಯಾಮದ ಮಾದರಿ ಮಾಡುವ ಆಸೆ ಇದ್ದರೆ ಮೋಡ ಕವಿದ ದಿನ ಆರಿಸಿ. ಕಲ್ಲಿನ ಸುತ್ತ ಒಂದೊಂದು ಹೆಜ್ಜೆ ಸರಿಯುತ್ತಾ, ಒಂದು ಫೋಟೊದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವ ಹಾಗೆ, ಅರವತ್ತು ಎಂಬತ್ತು ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇರಲಿ. ಫೋಟೊಗಳನ್ನು ಜೋಡಿಸಿ ಮಾದರಿ ಕಟ್ಟುವ ಉಚಿತ ತಂತ್ರಾಂಶಗಳಿವೆ. ಇದರಲ್ಲಿ ನಮ್ಮೆದುರಿಗೆ ದೊಡ್ಡ ಮಾದರಿಯೊಂದಿದೆ: ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಾ ಬಂದಿದೆ. ನೀವು ಹುಡುಕಿದ ಕಲ್ಲು ಅವರ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ತಿಳಿಸಿ. ಹೆಬ್ಬಾಳದಲ್ಲಿ 2017ರಲ್ಲಿ ಪತ್ತೆಯಾದ, ಸುಮಾರು 750ರ ಕಿತ್ತಯ್ಯನ ವೀರಗಲ್ಲು ಉಳಿದದ್ದು ಆಸಕ್ತರೂ ಊರವರೂ ಅದರ ಬೆಲೆ ತಿಳಿದು ಕೈಜೋಡಿಸಿದ್ದರಿಂದ. ಈಗ ಅದಕ್ಕೊಂದು ಮಂಟಪವೇ ಇದೆ. ಯಾರೂ ಗುರುತಿಸದ ಕಲ್ಲು ಚರಂಡಿಯ ಚಪ್ಪಡಿಯಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಜನರ ಮುಂದೆ

ಕಲ್ಲು ಎಷ್ಟು ಸಲ ಹೋದರೂ ಅಲ್ಲೇ ಇರುತ್ತದೆ. ಎಂಬತ್ತೈದರ ಅಜ್ಜಿ ಹಾಗಲ್ಲ. ಸೆಮಿಸ್ಟರಿನಲ್ಲಿ ಸಮಯ ಸಾಲದೇ ಹೋದರೆ ಬೇರೆ ಏನನ್ನಾದರೂ ಬಿಡಿ, ಹಿರಿಯರ ಮಾತನ್ನು ದಾಖಲಿಸುವುದನ್ನು ಬಿಡಬೇಡಿ.

ಮೊದಲ ಭೇಟಿಯಲ್ಲಿ ರೆಕಾರ್ಡರ್ ಬೇಡ. ಬಳೇಪೇಟೆಯ ವಾದ್ಯದಂಗಡಿಯೊಂದರಲ್ಲಿ ನಮ್ಮ ಹುಡುಗನೊಬ್ಬ ಒಳಗೆ ಹೋದವನೇ ಫೋನು ಹಿಡಿದು "ಸಾರ್, ನಿಮ್ಮ ಅಂಗಡಿಯ ಇತಿಹಾಸ ಹೇಳಿ" ಎಂದ. ಅಂಗಡಿಯ ಹಿರಿಯರು ಕನ್ನಡಕದ ಮೇಲಿಂದ ನೋಡಿ "ಕೂತ್ಕೊಳಪ್ಪ ಮೊದ್ಲು. ಕಾಫಿ ಕುಡೀತೀಯಾ?" ಎಂದರು. ಅವನು ಕೂತ. ಅವರು ಮೃದಂಗದ ಕರಣೆ, ಅಂದರೆ ನಡುವಿನ ಕಪ್ಪು ವೃತ್ತ, ಹಾಕುವ ಕೆಲಸ ಮುಂದುವರಿಸಿದರು. ಕಪ್ಪು ಕಣಕವನ್ನು ಬೆರಳ ತುದಿಯಲ್ಲಿ ಚೂರೇ ಚೂರು ತೆಗೆದು ಚರ್ಮದ ಮೇಲೆ ಇಟ್ಟು ನುಣ್ಣನೆಯ ಕಲ್ಲಿನಿಂದ ಉಜ್ಜುವುದು, ಮತ್ತೆ ಒಂದು ಪದರ, ಮತ್ತೆ ಉಜ್ಜುವುದು. ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಡುವುದು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಅವರಾಗಿಯೇ ಶುರು ಮಾಡಿದರು: "ನಮ್ಮ ತಂದೆ ಈ ಜಾಗದಲ್ಲೇ ಕೂತ್ಕೊಂಡು ಉಜ್ಜೋರು." ಮುಂದಿನ ವಾರ ಅದೇ ಹುಡುಗ ಅನುಮತಿ ಪಡೆದು ಎರಡು ಗಂಟೆ ರೆಕಾರ್ಡ್ ಮಾಡಿಕೊಂಡು ಬಂದ.

"ಇತಿಹಾಸ ಹೇಳಿ" ಎಂದರೆ ಯಾರಿಗೂ ಹೇಳಲು ಬರುವುದಿಲ್ಲ. "ನನಗೇನು ಗೊತ್ತಪ್ಪಾ, ಓದಿದೋರ್ನ ಕೇಳಿ" ಅಂದುಬಿಡುತ್ತಾರೆ. ಕೈಗೆ ಸಿಗುವಂಥದ್ದನ್ನು ಕೇಳಿ. ಚಿಕ್ಕವರಿದ್ದಾಗ ಕುಡಿಯೋ ನೀರು ಎಲ್ಲಿಂದ ತರುತ್ತಿದ್ದಿರಿ? ಮನೆಗೆ ಕರೆಂಟು ಬಂದ ದಿನ ನೆನಪಿದೆಯೇ? ಕರಗ ಈ ಬೀದಿಗೆ ಬರುವ ರಾತ್ರಿ ಮನೆಯಲ್ಲಿ ಏನು ನಡೆಯುತ್ತಿತ್ತು? ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ ಹೊರಡುವ ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ದರ್ಗಾದ ಬೀದಿಯವರನ್ನೂ ಗುಡಿಯ ಬೀದಿಯವರನ್ನೂ ಇದೇ ಪ್ರಶ್ನೆ ಕೇಳಿದರೆ ಒಂದೇ ರಾತ್ರಿಯ ಎರಡು ನೆನಪು ಸಿಗುತ್ತವೆ.

ಇಸವಿ ಕೇಳಬೇಡಿ. ಜನ ಇಸವಿಯಲ್ಲಿ ನೆನಪಿಟ್ಟುಕೊಳ್ಳುವುದಿಲ್ಲ. "ಗೋಕಾಕ್ ಚಳವಳಿಗಿಂತ ಮುಂಚೆಯೋ ಆಮೇಲೋ?" ಎಂದರೆ 1982ರ ಆಚೆಈಚೆ ಗೊತ್ತಾಗುತ್ತದೆ. ರಾಜ್‌ಕುಮಾರ್ ಅಪಹರಣ ಎಂದರೆ 2000. ಎಮರ್ಜೆನ್ಸಿ ಎಂದರೆ 1975. ಮೆಟ್ರೊ ಮೊದಲು ಓಡಿದ್ದು 2011. ಇಂಥ ಒಂದು ಪಟ್ಟಿಯನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡು ಹೋಗಿ.

ರೆಕಾರ್ಡಿಂಗ್‌ಗೆ ದುಬಾರಿ ಸಲಕರಣೆ ಏನೂ ಬೇಡ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ಲಿನ ಮೇಲೆ ಇಡಿ, ಒಪ್ಪಿದರೆ ಫ್ಯಾನ್ ಆರಿಸಿ. ಸಾಧ್ಯವಾದರೆ ದನಿಯನ್ನು ಕುಗ್ಗಿಸದ ವೇವ್ (WAV) ರೂಪದಲ್ಲಿ ಉಳಿಸಿ. ಮೊದಲ ಹತ್ತು ಸೆಕೆಂಡಿನಲ್ಲಿ ದಿನಾಂಕ, ಜಾಗ, ಯಾರು ಯಾರೊಡನೆ ಮಾತಾಡುತ್ತಿದ್ದೀರಿ ಎಂದು ನೀವೇ ಹೇಳಿ. ಫೈಲಿನ ಹೆಸರು ಕಳೆದುಹೋದರೂ ದನಿಯಲ್ಲಿ ಗುರುತು ಉಳಿಯುತ್ತದೆ.

ಬರಹಕ್ಕೆ ಇಳಿಸುವಾಗ ಒಂದು ಎಚ್ಚರ. ಫೋನಿನ ಧ್ವನಿ ಟೈಪಿಂಗ್ ಈಗ ಕನ್ನಡದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ 'ಐತೆ' ಎಂದದ್ದು 'ಇದೆ' ಆಗುತ್ತದೆ, 'ಒಸಿ' ಮಾಯವಾಗುತ್ತದೆ. ವಿದ್ಯಾರ್ಥಿಗಳೂ ಮರ್ಯಾದೆಯೆಂದು ತಿಳಿದು ಅಜ್ಜಿಯ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದುತ್ತಾರೆ. ದಯವಿಟ್ಟು ತಿದ್ದಬೇಡಿ. ಹೆಬ್ಬಾಳದ ಒಕ್ಕಲಿನ ಮಾತು, ಪೇಟೆಯ ತೆಲುಗು ಬೆರೆತ ಮಾತು, ಶಿವಾಜಿನಗರದ ದಖನಿ, ಹಲಸೂರಿನ ತಮಿಳು, ಇವೆಲ್ಲ ಊರಿನ ಚರಿತ್ರೆಯೇ. ಆಡಿದ ಹಾಗೆ ಬರೆದು, ಬೇಕಿದ್ದರೆ ಪಕ್ಕದಲ್ಲಿ ಅರ್ಥ ಕೊಡಿ.

ಫೈಲಿಗೆ ಹೆಸರು, ಹಾಳೆಗೆ ಸಾಲು

ಎಲ್ಲರೂ ಬೇಸರಪಡುವ ಕೆಲಸ ಇದು. ಆದರೆ ಇದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಫೋನು ಕೊಟ್ಟ ಸಂಖ್ಯೆಯ ಹೆಸರಿನಲ್ಲೇ ಬಿಟ್ಟ ನಾಲ್ಕುನೂರು ಫೋಟೊ ಮೂರು ತಿಂಗಳ ಮೇಲೆ ತೆಗೆದವರಿಗೇ ಅರ್ಥವಾಗುವುದಿಲ್ಲ. ಅದೇ ರಾತ್ರಿ, ಊಟಕ್ಕೆ ಮುಂಚೆ, ಪ್ರತಿ ಫೈಲಿಗೂ ದಿನಾಂಕ, ಜಾಗ, ವಸ್ತು, ಕ್ರಮಸಂಖ್ಯೆ ಇರುವ ಹೆಸರು ಕೊಡಿ. '2025-02-09_ಬೇಗೂರು_ವೀರಗಲ್ಲು_03' ಅನ್ನುವ ಹಾಗೆ. ತಂತ್ರಾಂಶಗಳಿಗೆ ತೊಡಕಾಗದಿರಲೆಂದು ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ವಾಸಿ.

ಜೊತೆಗೆ ಒಂದು ಸ್ಪ್ರೆಡ್‌ಶೀಟ್. ಪ್ರತಿ ಫೈಲಿಗೆ ಒಂದು ಸಾಲು: ಏನು, ಎಲ್ಲಿ, ಅಕ್ಷಾಂಶ ರೇಖಾಂಶ, ಯಾರು ತೆಗೆದದ್ದು, ಯಾರ ಒಪ್ಪಿಗೆ, ಯಾವ ಪುಸ್ತಕದ ಯಾವ ಪುಟದಲ್ಲಿ ಇದರ ಪ್ರಸ್ತಾಪ. ಕೊನೆಯಲ್ಲಿ 'ತಿದ್ದುಪಡಿ' ಅನ್ನುವ ಖಾನೆಯೊಂದನ್ನು ಖಾಲಿ ಬಿಡಿ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ಟೈಪ್ ಮಾಡುವುದೆಲ್ಲ ಎಲ್ಲ ಕಂಪ್ಯೂಟರ್, ಫೋನುಗಳೂ ಓದಬಲ್ಲ ಯೂನಿಕೋಡಿನಲ್ಲೇ ಇರಲಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಸಿಕ್ಕಿದರೆ ಪರಿವರ್ತಕದಲ್ಲಿ ಹಾಕಿ, ಆಮೇಲೆ ಒಂದೊಂದು ಸಾಲೂ ಕಣ್ಣಿಟ್ಟು ನೋಡಿ; ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹಾರಿರುತ್ತವೆ. ಹುಡುಕಿದಾಗ ಸಿಗದ ಕನ್ನಡ ಇದ್ದೂ ಇಲ್ಲದ ಹಾಗೆ.

ಪ್ರತಿ ಫೈಲಿಗೆ ಮೂರು ಪ್ರತಿ ಇರಲಿ: ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಆನ್‌ಲೈನಿನಲ್ಲಿ.

ನಕ್ಷೆಯ ಮೇಲೆ ಇಡುವುದು

1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಕೋಟೆ ಹಿಡಿದ ಕಾಲದಲ್ಲಿ ಬರೆದ ಪೇಟೆ–ಕೋಟೆಯ ನಕ್ಷೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಇವುಗಳಲ್ಲಿ ಒಂದನ್ನು ಇವತ್ತಿನ ನಕ್ಷೆಯ ಮೇಲೆ ಕೂರಿಸಲು ಕ್ಯೂಜಿಐಎಸ್ ಅನ್ನುವ ಉಚಿತ ತಂತ್ರಾಂಶ ಸಾಕು. ಎರಡೂ ನಕ್ಷೆಗಳಲ್ಲಿ ಕದಲದೆ ಇರುವ ಬಿಂದುಗಳು ಬೇಕು. ಕೋಟೆಯ ಉಳಿದಿರುವ ದೆಹಲಿ ಬಾಗಿಲು, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ, ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಸೇರುವ ಚೌಕ. ದೊಡ್ಡಪೇಟೆ ಎಂದರೆ ಈಗಿನ ಅವೆನ್ಯೂ ರಸ್ತೆ; ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದ್ದು ಈ ಚೌಕದಿಂದಲೇ ಎಂದು ಪ್ರತೀತಿ. ಕನಿಷ್ಠ ಆರು ಬಿಂದುಗಳನ್ನಾದರೂ ಹುಡುಕಿ, ಅವು ನಕ್ಷೆಯ ಎಲ್ಲ ಮೂಲೆಗಳಿಗೂ ಹರಡಿರಲಿ. ಹಳೇ ನಕ್ಷೆಯನ್ನು ಅರೆಪಾರದರ್ಶಕ ಮಾಡಿ ಮೇಲೆ ಹರಡಿದಾಗ ಕಂದಕದ ಗೆರೆ ಇವತ್ತಿನ ಯಾವ ರಸ್ತೆಯ ಮೇಲೆ ಬಂದು ಕೂರುತ್ತದೆ ನೋಡಿ. ಆ ರಸ್ತೆಗೆ ಮತ್ತೆ ನಡೆದುಕೊಂಡು ಹೋಗಿ.

ಸಾರ್ವಜನಿಕರಿಗೆ ತೋರಿಸಲು ಇಷ್ಟೆಲ್ಲ ಬೇಡ. ಯುಮ್ಯಾಪ್ ಅನ್ನುವ ಉಚಿತ ಜಾಲತಾಣದಲ್ಲಿ ನಿಮ್ಮ ಸ್ಪ್ರೆಡ್‌ಶೀಟನ್ನೇ ಏರಿಸಿದರೆ ಬಿಂದುಗಳು ನಕ್ಷೆಯಾಗುತ್ತವೆ. ಅದರ ಜೊತೆಗೆ ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ನಿಮ್ಮ ಬೀದಿ, ಕಟ್ಟೆ, ಗುಡಿ, ಗರಡಿಮನೆಗಳ ಹೆಸರನ್ನು ಕನ್ನಡದಲ್ಲಿ ಸೇರಿಸಿ. ಅರ್ಧ ದಿನದ ಕೆಲಸ, ಆದರೆ ಆ ನಕ್ಷೆಯನ್ನು ಬಳಸುವ ಎಲ್ಲರಿಗೂ ಗರಡಿಮನೆ ಗರಡಿಮನೆಯಾಗಿಯೇ ಕಾಣುತ್ತದೆ.

ಒಪ್ಪಿಗೆ ಮತ್ತು ಹಕ್ಕು

ಒಪ್ಪಿಗೆ ಪತ್ರ ಕನ್ನಡದಲ್ಲಿ, ಅರ್ಧ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ. ಓದಲು ಬಾರದವರಿಗೆ ಓದಿ ಹೇಳಿ, ಅವರ "ಆಯ್ತು" ಅನ್ನುವ ಮಾತನ್ನೇ ರೆಕಾರ್ಡ್ ಮಾಡಿ. ಹೆಸರು ಹಾಕಬಹುದೇ, ಫೋಟೊ ಹಾಕಬಹುದೇ, ದನಿ ಎಲ್ಲರಿಗೂ ಕೇಳಿಸಬಹುದೇ ಎಂದು ಮೂರನ್ನೂ ಬೇರೆಬೇರೆ ಕೇಳಿ. ನಾಳೆ ಮನಸ್ಸು ಬದಲಾದರೆ ತೆಗೆಸಬಹುದು ಎಂದೂ ಹೇಳಿ. ಅದಕ್ಕಾಗಿ ಎಲ್ಲೆಡೆ ಹಂಚುವ ಮುಂಚೆ ಒಂದು ತಿಂಗಳು ಕಾಯಿರಿ. ಜಾತಿ, ಆಸ್ತಿ, ಅಕ್ಕಪಕ್ಕದವರ ಜಗಳದ ಮಾತು ಬಂದಾಗ ಹೇಳಿದವರಿಗೆ ಒಂದು ಸಲ ಕೇಳಿಸಿ, ಇದು ಇರಲೋ ಬೇಡವೋ ಎಂದು ಅವರಿಂದಲೇ ಹೇಳಿಸಿ.

ಹಳೇ ಆಲ್ಬಮ್ಮಿನ ಫೋಟೊಗಳನ್ನು ಮನೆಯಿಂದ ಹೊರಗೆ ತರಬೇಡಿ. ಅಲ್ಲೇ, ಕಿಟಕಿಯ ಬೆಳಕಿನಲ್ಲಿ, ಅವರೆದುರಿಗೇ ಪ್ರತಿ ತೆಗೆದು, ಹಿಂಬದಿಯ ಸ್ಟುಡಿಯೊ ಮುದ್ರೆಯನ್ನೂ ತೆಗೆಯಿರಿ. ನಮ್ಮ ದೇಶದಲ್ಲಿ ಪ್ರಕಟವಾದ ಫೋಟೊಗೆ ಸಾಮಾನ್ಯವಾಗಿ ಪ್ರಕಟಣೆಯಿಂದ 60 ವರ್ಷ, ಪುಸ್ತಕಕ್ಕೆ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಸಾರ್ವಜನಿಕ ಜಾಗದ ಕಟ್ಟಡ, ಶಿಲ್ಪಗಳ ಫೋಟೊ ತೆಗೆದು ಹಂಚಬಹುದು. ಗೋಡೆಯ ಮೇಲಿನ ಹೊಸ ಚಿತ್ರಕ್ಕೆ ಆ ಮಾತು ಅನ್ವಯಿಸುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಹೂಡುವ ಮುಂಚೆ ಅನುಮತಿ ಕೇಳಿ.

ಎಲ್ಲಿ ಇಡುವುದು

ನಾನು ಮೊದಲು ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ಎರಡು ಬ್ಯಾಚಿನ ಹುಡುಗರು ಸೇರಿ ಚೆಂದದ ಜಾಲತಾಣ ಕಟ್ಟಿದ್ದರು. ನಲವತ್ತು ಹಿರಿಯರ ದನಿ, ನೂರಾರು ಫೋಟೊ. ಅವರು ಓದು ಮುಗಿಸಿ ಹೋದ ಮೇಲೆ ಡೊಮೇನಿನ ಹಣ ಕಟ್ಟುವುದು ಯಾರ ಕೆಲಸವೂ ಆಗಿ ಉಳಿಯಲಿಲ್ಲ. ಒಂದು ದಿನ ತೆರೆದರೆ ತಾಣವೇ ಇಲ್ಲ. ಆ ನಲವತ್ತರಲ್ಲಿ ಎಷ್ಟೋ ಜನ ಆ ವೇಳೆಗೆ ತೀರಿಕೊಂಡಿದ್ದರು. ಆ ನೋವು ನನಗೆ ಇನ್ನೂ ಹೋಗಿಲ್ಲ. ಅಂದಿನಿಂದ ನನ್ನ ತಂಡಗಳಿಗೆ ಒಂದು ಕಟ್ಟುನಿಟ್ಟು: ಸ್ವಂತ ಜಾಲತಾಣ ಬೇಕಿದ್ದರೆ ಮಾಡಿ, ಆದರೆ ಮೂಲ ಫೈಲುಗಳು ಮೊದಲು ಸಾರ್ವಜನಿಕ ಕಣಜಕ್ಕೆ ಹೋಗಬೇಕು.

ಫೋಟೊ, ನಕ್ಷೆಗಳಿಗೆ ವಿಕಿಪೀಡಿಯದ ಚಿತ್ರಗಳಿರುವ ಮುಕ್ತ ಸಂಗ್ರಹ ವಿಕಿಮೀಡಿಯ ಕಾಮನ್ಸ್. ದೀರ್ಘ ಧ್ವನಿಮುದ್ರಿಕೆ, ವರದಿಗಳಿಗೆ ಇಂಟರ್‌ನೆಟ್ ಆರ್ಕೈವ್. ಎರಡೂ ಕಡೆ ವಿವರಣೆಯನ್ನು ಕನ್ನಡದಲ್ಲಿ ಬರೆದು ಇಂಗ್ಲಿಷಿನಲ್ಲೂ ಕೊಡಿ, ಇನ್ನೊಬ್ಬರು ಮುಕ್ತವಾಗಿ ಬಳಸಬಹುದಾದ ಪರವಾನಗಿ ಆರಿಸಿ. ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯುವಾಗ ನೆನಪಿಡಿ, ಅಲ್ಲಿ ಪ್ರಕಟಿತ ಆಧಾರ ಕೇಳುತ್ತಾರೆ. ಅಜ್ಜಿಯ ಸಂದರ್ಶನವನ್ನು ನೇರವಾಗಿ ಆಧಾರವಾಗಿ ಕೊಡಲಾಗದು. ಗೆಜೆಟಿಯರ್, ಶಾಸನ ಸಂಪುಟಗಳಿಂದ ಲೇಖನ ಬರೆದು, ಕಾಮನ್ಸ್‌ಗೆ ಏರಿಸಿದ ಫೋಟೊವನ್ನು ಅದಕ್ಕೆ ಜೋಡಿಸಿ.

ಮತ್ತೆ ಬೀದಿಗೆ

ಕೊನೆಯ ಎರಡು ವಾರ ಇದಕ್ಕೇ ಮೀಸಲಿಡಿ. ಸೆಮಿನಾರ್ ಹಾಲಿನಲ್ಲಿ ಪವರ್‌ಪಾಯಿಂಟ್ ತೋರಿಸುವುದು ಅಂಕಕ್ಕೆ. ಪ್ರಾಜೆಕ್ಟ್ ಯಾರದೋ ಅವರಿಗೆ ತೋರಿಸುವುದು ಬೀದಿಯಲ್ಲಿ. ಹತ್ತು ಹದಿನೈದು ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದು, ಗುಡಿಯ ಜಗುಲಿಯಲ್ಲೋ ಸಂಘದ ಕಟ್ಟಡದಲ್ಲೋ ಭಾನುವಾರ ಬೆಳಿಗ್ಗೆ ಹಗ್ಗ ಕಟ್ಟಿ ತೂಗುಹಾಕಿ. ದನಿ ಕೇಳಲು ಪಕ್ಕದಲ್ಲಿ ಕ್ಯೂಆರ್ ಕೋಡ್ ಇರಲಿ, ಆದರೆ ಒಂದು ಸ್ಪೀಕರೂ ಇರಲಿ. ಹಿರಿಯರು ತಮ್ಮ ಗೆಳೆಯರ ದನಿ ಕೇಳಲು ಫೋನು ತಡಕಾಡುವ ಹಾಗಾಗಬಾರದು. ಮಾತಾಡಿಸಿದ ಪ್ರತಿಯೊಬ್ಬರಿಗೂ ಅವರ ರೆಕಾರ್ಡಿಂಗನ್ನು ಪೆನ್‌ಡ್ರೈವಿನಲ್ಲಿ ಕೊಡಿ.

ಕಳೆದ ಸಲ ಪೇಟೆಯಲ್ಲಿ ಹೀಗೆ ತೂಗುಹಾಕಿದ್ದಾಗ ಎಪ್ಪತ್ತು ದಾಟಿದ ಒಬ್ಬರು ಒಂದು ಫೋಟೊದ ಮುಂದೆ ಬಹಳ ಹೊತ್ತು ನಿಂತರು. ಹಳೇ ಗಾರೆ ಕಟ್ಟಡವೊಂದರ ಚಿತ್ರ, ಕೆಳಗೆ 'ಧಾನ್ಯದ ಉಗ್ರಾಣ' ಎಂದು ನಮ್ಮವರು ಬರೆದಿದ್ದರು. ಅವರು ತಂಡದ ಹುಡುಗಿಯನ್ನು ಕರೆದು ಹೇಳಿದರು: "ಉಗ್ರಾಣ ಆಗಿದ್ದು ಆಮೇಲಮ್ಮ. ಮೊದ್ಲು ಇದು ಗರಡಿ. ನಾನೇ ಇಲ್ಲಿ ಮಟ್ಟಿ ಮೇಲೆ ಬಿದ್ದು ಕೈ ಮುರ್ಕೊಂಡಿದ್ದೆ." ಶರ್ಟಿನ ತೋಳು ಮಡಿಸಿ ಮೊಣಕೈಯ ಸೊಟ್ಟ ತೋರಿಸಿದರು. ಅವಳು ಲ್ಯಾಪ್‌ಟಾಪ್ ತೆರೆದಳು. ಆ ಕಟ್ಟಡದ ಸಾಲು ಹುಡುಕಿ, ಅಲ್ಲಿಯವರೆಗೂ ಖಾಲಿ ಇದ್ದ 'ತಿದ್ದುಪಡಿ' ಖಾನೆಯಲ್ಲಿ ಟೈಪ್ ಮಾಡಿದಳು. ಆಮೇಲೆ ಅವರಿಗೊಂದು ಕುರ್ಚಿ ಎಳೆದು, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, "ತಾತ, ಗರಡಿ ಉಸ್ತಾದರು ಯಾರಿದ್ರು ಆಗ?" ಎಂದಳು.